ಪಾಲೀಶ್ ಮೆಶಿನ್ನಿಗೆ ಉಡಿಸಿದ ಸೀರೆ

ಸವತಿ ಎಂದರೆ ಕೈಕಾಲು ಇರುವವಳೇ ಆಗಬೇಕೆಂದಿಲ್ಲ. ನನ್ನ ಸವತಿ ಮದರಾಸಿನಿಂದ ಮರದ ಪೆಟ್ಟಿಗೆಯಲ್ಲಿ, ಒಣಹುಲ್ಲಿನ ನಡುವೆ ಮಲಗಿಕೊಂಡು ಬಂದಳು. ಅವಳಿಗೆ ಕಬ್ಬಿಣದ ಹೊಟ್ಟೆ, ಉದ್ದನೆಯ ವೈರಿನ ಬಾಲ, ಮುಂದುಗಡೆ ಕುರಿಯ ಉಣ್ಣೆಯ ದುಂಡನೆಯ ಬಿಳಿ ಮುಖ. ಕಾರಿನ ಬಣ್ಣಕ್ಕೆ ಹೊಳಪು ಕೊಡುವ ಕರೆಂಟಿನ ಪಾಲೀಶ್ ಮೆಶಿನ್ನು ಅದು. ಸ್ವಾತಂತ್ರ್ಯ ಬಂದು ಹತ್ತು ಹನ್ನೆರಡು ವರ್ಷಗಳಾಗಿದ್ದವು. ನನಗೆ ಮದುವೆಯಾಗಿ ಅದರಲ್ಲಿ ಅರ್ಧದಷ್ಟು.

ನಮ್ಮ ಯಜಮಾನರು ಮೈಸೂರಿನ ನಜರ್‌ಬಾದಿನ ಒಂದು ಮೋಟಾರು ಗ್ಯಾರೇಜಿನಲ್ಲಿ ಪಾಲೀಶ್ ಕೆಲಸ ಮಾಡುತ್ತಿದ್ದರು. ನಮ್ಮ ವಠಾರ ಅಲ್ಲಿಂದ ಎರಡು ಬೀದಿ ಆಚೆ. ಆಗ ಊರಿನಲ್ಲಿ ಕಾರು ಇಟ್ಟವರೇ ಕಡಿಮೆ, ಇಟ್ಟವರಲ್ಲಿ ಮುಕ್ಕಾಲು ಪಾಲು ಜನ ಇಟ್ಟದ್ದು ಕಪ್ಪು ಕಾರು. ಕಪ್ಪಿನಷ್ಟು ಹಾಳು ಬಣ್ಣ ಇನ್ನೊಂದಿಲ್ಲ ಎಂದು ಅವರು ಹೇಳುತ್ತಿದ್ದರು. ಡ್ರೈವರುಗಳು ಬೆಳಗಾದರೆ ಒಣ ಬಟ್ಟೆ ಹಿಡಿದು ಧೂಳನ್ನು ಗುಂಡಗೆ ಉಜ್ಜುತ್ತಾರಲ್ಲ, ಆ ಧೂಳೇ ಬಣ್ಣವನ್ನು ಸಣ್ಣಗೆ ಗೀರುತ್ತದೆ. ನೆರಳಿನಲ್ಲಿ ಏನೂ ಕಾಣುವುದಿಲ್ಲ. ಬಿಸಿಲಿಗೆ ತಂದು ನಿಲ್ಲಿಸಿದರೆ ಸೂರ್ಯನ ಸುತ್ತ ಜೇಡರ ಬಲೆ ಕಟ್ಟಿದ ಹಾಗೆ ಗೀರುಗಳು ಸುತ್ತಿಕೊಂಡಿರುತ್ತವೆ. ಅವರು ಅದಕ್ಕೆ ಸುಳಿ ಎನ್ನುತ್ತಿದ್ದರು. ಆ ಸುಳಿ ತೆಗೆಯುವುದೇ ಅವರ ಕಸುಬು.

ಮೆಶಿನ್ನು ಬರುವುದಕ್ಕೆ ಮುಂಚೆ ಈ ಕೆಲಸ ಕೈಯಲ್ಲಿ ನಡೆಯುತ್ತಿತ್ತು, ಮತ್ತು ಆ ಕೈಯಲ್ಲಿ ನನ್ನ ಸೀರೆ ಇರುತ್ತಿತ್ತು. ಮೊದಲು ಡಬ್ಬಿಯ ಪೇಸ್ಟು ಹಚ್ಚಿ ಬಣ್ಣದ ಮೇಲ್ಪದರವನ್ನು ಕೂದಲೆಳೆಯಷ್ಟು ತೇಯಬೇಕು, ಆಮೇಲೆ ಮೇಣ ಹಚ್ಚಿ ಹೊಳಪು ತರಬೇಕು. ಎರಡಕ್ಕೂ ಬಟ್ಟೆ ಬೇಕು, ಅದೂ ಎಂಥದೋ ಒಂದು ಬಟ್ಟೆ ಆಗುವುದಿಲ್ಲ. ವರ್ಷಗಟ್ಟಲೆ ಉಟ್ಟು, ಒಗೆದು, ಮೈಮೇಲೆ ಇದೆಯೋ ಇಲ್ಲವೋ ಅನ್ನುವಷ್ಟು ಮೆತ್ತಗಾದ ನೂಲಿನ ಸೀರೆಯೇ ಆಗಬೇಕು. ನಾನು ಅದರ ಅಂಚು ಕತ್ತರಿಸಿ, ಸೆರಗು ತೆಗೆದು, ಸೋಡದ ನೀರಿನಲ್ಲಿ ಕುದಿಸಿ, ಬೀದಿಯ ಧೂಳು ತಾಗದಂತೆ ಒಳಮನೆಯಲ್ಲೇ ಹಗ್ಗ ಕಟ್ಟಿ ಒಣಗಿಸಿ, ಚೌಕ ಮಾಡಿ ಮಡಿಸಿ ಟ್ರಂಕಿನಲ್ಲಿಡುತ್ತಿದ್ದೆ. ಒಂದು ಗಂಟು, ಒಂದು ಹೊಲಿಗೆ, ಒಂದು ಮರಳಿನ ಕಣ ಉಳಿದರೂ ಬಣ್ಣದ ಮೇಲೆ ಗೀರು ಬೀಳುತ್ತದೆ.

ಬೆಳಿಗ್ಗೆ ಹೊರಡುವಾಗ ಅವರು ಬಾಗಿಲಲ್ಲಿ ನಿಂತು, "ಬಟ್ಟೆ ಕೊಡೇ" ಅನ್ನುತ್ತಿದ್ದರು. ನಾನು ಕೊಟ್ಟದ್ದನ್ನು ಕೆನ್ನೆಗೆ ಒತ್ತಿಕೊಂಡು ನೋಡಿ, "ಇದು ಚೆನ್ನಾಗೈತೆ" ಎಂದು ಜೇಬಿಗಿಡುತ್ತಿದ್ದರು. ನನ್ನ ಸಂಸಾರದಲ್ಲಿ ಸರಸ ಅಂತ ಏನಾದರೂ ಇದ್ದರೆ ಅದೇ. ಮಾರ್ಕೆಟ್ಟಿಗೆ ಹೋದಾಗ ಎದುರಿಗೆ ಕರಿ ಕಾರೊಂದು ಮಿಂಚುತ್ತಾ ಬಂದರೆ, ಓಹೋ, ಇದು ನನ್ನ ಗಿಳಿಹಸಿರು ಸೀರೆ, ಅದು ನನ್ನ ಚೌಕುಳಿ ಸೀರೆ ಎಂದುಕೊಂಡು ಬೀಗುತ್ತಿದ್ದೆ. ಒಳಗೆ ಕುಳಿತ ದೊಡ್ಡ ಮನುಷ್ಯರಿಗೆ ಅದೇನು ಗೊತ್ತು.

ಮೆಶಿನ್ನು ಬಂದ ದಿನ ಅವರು ಮನೆಗೆ ಬಂದದ್ದೇ ತಡವಾಗಿ. ಕೈ ತೊಳೆಯದೆ, ನೀರು ಕೇಳದೆ, ಗೋಡೆಗೆ ಒರಗಿ ಕುಳಿತು ಒಬ್ಬರೇ ನಗುತ್ತಿದ್ದರು.

"ಏನ್ರೀ ಅದು?" ಎಂದೆ.

"ಅವಳು ಕಣೇ. ಒತ್ತಬಾರದು ಅವಳನ್ನ. ಸುಮ್ನೆ ಹಿಡ್ಕೊಂಡ್ರೆ ಸಾಕು, ತಾನೇ ಸುತ್ತಾಕ್ಕೊಂಡು ಹೋಯ್ತಾಳೆ. ಮೂರು ದಿನದ ಕೆಲಸ ಒಪ್ಪೊತ್ತಿಗೆ ಮುಗಿಸ್ಬುಟ್ಲು."

ಅವಳು! ಯಾರವಳು ಎಂದು ಪಟ್ಟು ಹಿಡಿದು ಕೇಳಿದೆ. ಕಬ್ಬಿಣದ ಸಾಮಾನು ಎಂದು ತಿಳಿದ ಮೇಲೆ ನಿರಾಳವಾಗಬೇಕಿತ್ತು, ಆಗಲಿಲ್ಲ. ಬೇರೆ ಹೆಂಗಸಾಗಿದ್ದರೆ ಜಗಳಕ್ಕಾದರೂ ಹೋಗಬಹುದಿತ್ತು. ಮರುದಿನ ಬೆಳಿಗ್ಗೆ ನಾನು ಚೌಕ ಬಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಅವರು ಚಪ್ಪಲಿ ಮೆಟ್ಟಿಕೊಂಡು, "ಇನ್ಮೇಲೆ ಬಟ್ಟೆ ಬ್ಯಾಡ ಕಣೇ, ಅವಳದ್ದೇ ಉಣ್ಣೆ ಐತೆ" ಎಂದು ಹೊರಟೇಹೋದರು. ಹೊಳೆ ದಾಟಿದ ಮೇಲೆ ಅಂಬಿಗನ ಗೊಡವೆ ಯಾರಿಗೆ ಬೇಕು?

ಅಲ್ಲಿಂದ ಶುರುವಾಯಿತು. ಊಟಕ್ಕೆ ಕುಳಿತರೆ ಅವಳ ಮಾತು. ಅವಳಿಗೆ ಬಿಸಿ ಏರಿದರೆ ಹೇಗೆ ತಣಿಸಬೇಕು, ಅಂಚುಗಳ ಹತ್ತಿರ ಅವಳನ್ನು ಹೇಗೆ ಹಗುರವಾಗಿ ಎತ್ತಬೇಕು, ಒಂದೇ ಕಡೆ ನಿಲ್ಲಿಸಿದರೆ ಬಣ್ಣ ಹೇಗೆ ಸುಟ್ಟುಹೋಗುತ್ತದೆ. ನಾನು ಸಾರಿಗೆ ಉಪ್ಪು ಹಾಕದೆ ಬಡಿಸಿದರೂ ಗೊತ್ತಾಗುತ್ತಿರಲಿಲ್ಲ. ಬೇಕೆಂದೇ ಒಂದು ದಿನ ಹಾಕಲಿಲ್ಲ. ಎರಡು ಸಲ ಬಡಿಸಿಕೊಂಡು ಉಂಡರು. ರಾತ್ರಿ ಅವರು ನನ್ನ ತೋಳಿನ ಮೇಲೆ ಕೈ ಇಟ್ಟರೆ ಆ ಕೈ ಇನ್ನೂ ಸಣ್ಣಗೆ ನಡುಗುತ್ತಿರುತ್ತಿತ್ತು. ಅದು ನನಗಾಗಿ ಅಲ್ಲ, ಹಗಲೆಲ್ಲ ಅವಳನ್ನು ಹಿಡಿದು ಹಿಡಿದು ಬಂದ ನಡುಕ. ನಾನು ತೋಳು ಎಳೆದುಕೊಳ್ಳುತ್ತಿದ್ದೆ.

ಎದುರುಮನೆಯ ಅಜ್ಜಿಗೆ ಇದೆಲ್ಲ ತಮಾಷೆ. "ಏನಮ್ಮಣ್ಣಿ, ನಿನ್ನ ಗಂಡ ಅದ್ಯಾವ್ದೋ ಗುಂಯ್‌ಗುಡೋಳ್ನ ಕಟ್ಕೊಂಡವ್ನಂತೆ?" ಎಂದು ಜಗಲಿಯ ಮೇಲಿನಿಂದಲೇ ಕೇಳುತ್ತಿದ್ದಳು. ನಾನು ನಕ್ಕು ಒಳಗೆ ಬಂದು ಪಾತ್ರೆ ಕುಕ್ಕುತ್ತಿದ್ದೆ. ಆ ಸಿಟ್ಟಿನಲ್ಲೇ ಒಂದು ದಿನ ಟ್ರಂಕು ತೆಗೆದು, ಕುದಿಸಿ ಮಡಿಸಿಟ್ಟಿದ್ದ ಚೌಕಗಳು, ಮುಂದೆ ಬೇಕಾದೀತು ಎಂದು ಎತ್ತಿಟ್ಟ ಹಳೆಯ ಸೀರೆಗಳು, ಎಲ್ಲವನ್ನೂ ಪಾತ್ರೆ ಮಾರುವವಳ ಬುಟ್ಟಿಗೆ ಸುರಿದು ಒಂದು ದಬರಿ ತೆಗೆದುಕೊಂಡೆ. ಒಂದೇ ಒಂದು ಸೀರೆ ಮಾತ್ರ ಕೊಡಲು ಕೈ ಬರಲಿಲ್ಲ. ಬದನೆಕಾಯಿ ಬಣ್ಣದ್ದು. ಮದುವೆಯಾದ ಮೊದಲ ವರ್ಷ ಅವರು ತಾವಾಗಿಯೇ ತಂದುಕೊಟ್ಟದ್ದು. ಅದಕ್ಕೆ ಹಿಂದೆಯೂ ಇಲ್ಲ ಮುಂದೆಯೂ ಇಲ್ಲ, ಅವರು ನನಗೆಂದು ಅಂಗಡಿ ಮೆಟ್ಟಿಲು ಹತ್ತಿ ತಂದ ಸೀರೆ ಅದೊಂದೇ. ಬಣ್ಣ ಮಾಸಿ, ನೂಲು ಸವೆದು, ಬೆಣ್ಣೆಯಂತಾಗಿತ್ತು. ಅದನ್ನು ಉಟ್ಟರೆ ಹರಿದೀತೆಂದು ಉಡುತ್ತಿರಲಿಲ್ಲ.

ಆ ವರ್ಷದ ಆಯುಧಪೂಜೆಗೆ ಗ್ಯಾರೇಜಿನಲ್ಲಿ ಪೂಜೆ ಜೋರು. ಕೆಲಸದವರ ಹೆಂಡಂದಿರನ್ನೂ ಸಾಹುಕಾರರು ಬರಹೇಳಿದ್ದರು. ಬೂದುಗುಂಬಳ, ಬಾಳೆಕಂದು, ಮಾವಿನ ಸೊಪ್ಪು. ಸ್ಪ್ಯಾನರು, ಜಾಕು, ಸುತ್ತಿಗೆ ಎಲ್ಲವನ್ನೂ ತೊಳೆದು ಒಂದು ಗೋಣಿಯ ಮೇಲೆ ಜೋಡಿಸಿದ್ದರು. ಅವಳಿಗೆ ಮಾತ್ರ ಬೇರೆ ಮಣೆ. ಮಣೆಯ ಕೆಳಗೆ ರಂಗೋಲಿ. ನಮ್ಮ ಯಜಮಾನರು ಸ್ನಾನ ಮಾಡಿ, ಪಂಚೆ ಉಟ್ಟು, ಅವಳ ಮುಂದೆ ಮಂಡಿಯೂರಿ ಕುಳಿತಿದ್ದರು. ಆ ಬಿಳಿ ಉಣ್ಣೆಯ ಮುಖಕ್ಕೆ ಮೂರು ಬೆರಳಲ್ಲಿ ವಿಭೂತಿ ಎಳೆದರು. ನಡುವೆ ದೊಡ್ಡದಾಗಿ ಕುಂಕುಮ ಇಟ್ಟರು. ಇಟ್ಟು, ಸ್ವಲ್ಪ ಹಿಂದೆ ಸರಿದು ನೋಡಿ, ನೆಟ್ಟಗಾಗಲಿಲ್ಲ ಎಂದು ಮತ್ತೆ ತಿದ್ದಿದರು. ಆಮೇಲೆ ಜೇಬಿನಿಂದ ಎಲೆಯ ಪೊಟ್ಟಣ ತೆಗೆದು, ಬಿಚ್ಚಿ, ಮಲ್ಲಿಗೆಯ ಮಾಲೆಯನ್ನು ಅವಳ ಕೊರಳಿಗೆ ಸುತ್ತಿದರು. ಅದು ಮೈಸೂರು ಮಲ್ಲಿಗೆ, ವಾಸನೆ ನನ್ನವರೆಗೂ ಬಂತು. ನನ್ನ ತಲೆಯಲ್ಲಿ ಇದ್ದದ್ದು ವಠಾರದ ಗಿಡದ ಕನಕಾಂಬರ, ಅದೂ ನಾನೇ ಕಿತ್ತು ಕಟ್ಟಿಕೊಂಡದ್ದು.

ಉರಿದುಹೋದೆ ನಾನು. ಮಂಗಳಾರತಿ ತಟ್ಟೆ ನನ್ನ ಮುಂದೆ ಬಂದಾಗ ಕಣ್ಣಿಗೆ ಒತ್ತಿಕೊಳ್ಳದೆ ಮುಂದಕ್ಕೆ ದೂಡಿದೆ. ತಾಯಿ ಚಾಮುಂಡಿ, ಇವಳಿಗೊಂದು ಗತಿ ಕಾಣಿಸು ಎಂದು ಬೆಟ್ಟದ ಕಡೆ ತಿರುಗಿ ಬೇಡಿಕೊಂಡೆ.

ತಾಯಿ ತಡಮಾಡಲಿಲ್ಲ. ಮರುದಿನ ವಿಜಯದಶಮಿ. ಪೂಜೆಗಿಟ್ಟ ಆಯುಧವನ್ನು ಅಂದು ಬೆಳಿಗ್ಗೆ ಒಳ್ಳೆಯ ಗಳಿಗೆಯಲ್ಲಿ ಎತ್ತಿ, ಒಂದಿಷ್ಟಾದರೂ ಕೆಲಸ ಮಾಡಿ ಶುರು ಹಚ್ಚಬೇಕು. ಗ್ಯಾರೇಜಿನಲ್ಲಿ ಡಾಕ್ಟರೊಬ್ಬರ ಕಾರು ಇತ್ತು, ಹೊಸದಾಗಿ ಕಪ್ಪು ಬಣ್ಣ ಹೊಡೆದದ್ದು. ಡಾಕ್ಟರ ಮಗಳನ್ನು ನೋಡಲು ಗಂಡಿನ ಕಡೆಯವರು ಆ ವಾರವೇ ಬರುವವರಿದ್ದರು, ಸ್ಟೇಷನ್ನಿನಿಂದ ಅವರನ್ನು ಕರೆತರಬೇಕಾದದ್ದು ಆ ಕಾರು. ಯಜಮಾನರು ಅವಳ ಮುಖದ ವಿಭೂತಿ ಕುಂಕುಮ ಕೊಡವಿ, ಊದಿ, ಕಾರಿನ ಬಾನೆಟ್ಟಿಗೆ ಇಟ್ಟು ಓಡಿಸಿದರು. ಮೇಲಿನದು ಹೋಗಿತ್ತು, ಉಣ್ಣೆಯ ಬುಡಕ್ಕೆ ಇಳಿದದ್ದು ಹೋಗಿರಲಿಲ್ಲ. ಸಂತೆಯ ಕುಂಕುಮ, ಅದರಲ್ಲಿ ಇನ್ನೇನೇನು ಕಲ್ಲುಪುಡಿ ಬೆರೆತಿತ್ತೋ. ಕಾರನ್ನು ಬಿಸಿಲಿಗೆ ತಳ್ಳಿ ನೋಡಿದರೆ ಬಾನೆಟ್ಟಿನ ತುಂಬ ಸುಳಿ. ಸುಳಿ ತೆಗೆಯುವವರ ಕೈಯಿಂದಲೇ ಸುಳಿ.

ಸಂಜೆ ಮೆರವಣಿಗೆ ನೋಡಲು ಊರಿಗೆ ಊರೇ ನುಗ್ಗಿತ್ತು. ನಾನು ಸಿಂಗರಿಸಿಕೊಂಡು ಕಾದು ಕುಳಿತಿದ್ದೆ. ಅವರು ಬಂದು ಮುಖ ಗೋಡೆಗೆ ತಿರುಗಿಸಿ ಮಲಗಿದರು. ಬಿಡಿಸಿ ಬಿಡಿಸಿ ಕೇಳಿದ ಮೇಲೆ ಹೇಳಿದರು. ಉಣ್ಣೆಯನ್ನು ಬಿಸಿನೀರಿನಲ್ಲಿ ಸೋಪು ಹಾಕಿ ತೊಳೆಯಲು ಹೋಗಿ ಅದೂ ಜಡೆಗಟ್ಟಿ ಕಲ್ಲಾಗಿತ್ತು. ಬೇರೆ ಉಣ್ಣೆ ಮದರಾಸಿನಿಂದ ಬರಲು ತಿಂಗಳಾಗುತ್ತದೆ. ಡಾಕ್ಟರಿಗೆ ಕಾರು ಸರಿಯಾಗಿ ಕೊಡದಿದ್ದರೆ ಮೆಶಿನ್ನೂ ಬೇಡ, ನೀನೂ ಬೇಡ ಎಂದು ಸಾಹುಕಾರರು ಎಲ್ಲರೆದುರಿಗೆ ಅಂದುಬಿಟ್ಟಿದ್ದರು.

ನನಗೆ ಸಂಕಟವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಸಂಕಟದ ಕೆಳಗೆ ಹೊಟ್ಟೆಗೆ ಹಾಲು ಹೊಯ್ದ ಹಾಗೂ ಆಯಿತು. ಮುತ್ತೈದೆಯ ಹಾಗೆ ಮೆರೆದಳಲ್ಲ, ಆ ಕುಂಕುಮವೇ ಅವಳಿಗೆ ಮುಳುವಾಯಿತು. ಇನ್ನು ಪೆಟ್ಟಿಗೆ ಸೇರುತ್ತಾಳೆ, ಯಜಮಾನರು ನನ್ನ ಬಟ್ಟೆಗೆ ಮರಳುತ್ತಾರೆ. ನಾನೇ ಮೆತ್ತಗೆ ಹೇಳಿದೆ. "ಕೈಯಲ್ಲೇ ಉಜ್ಜಿ ರೀ, ಮೊದ್ಲಿನಂಗೆ."

"ಅಷ್ಟು ಹೊತ್ತೆಲ್ಲೈತೆ? ನಾಳಿದ್ದಿಗೆ ಕೊಡ್ಬೇಕು." ಎದ್ದು ಕುಳಿತರು. "ಬಟ್ಟೆ ಐತೇನೇ? ಹಳೇ ಸೀರೆ?"

"ಪಾತ್ರೆಯವಳಿಗೆ ಹಾಕ್ಬುಟ್ಟೆ."

"ಎಲ್ಲಾನೂವಾ?"

ಅವರು ಟ್ರಂಕಿನ ಮುಚ್ಚಳ ಎತ್ತಿದರು. ತಳದಲ್ಲಿ ಬದನೆಕಾಯಿ ಬಣ್ಣದ್ದು ಒಂದೇ ಇತ್ತು. ತೆಗೆದು ಕೆನ್ನೆಗೆ ಒತ್ತಿಕೊಂಡರು. ಎಷ್ಟೋ ತಿಂಗಳ ಮೇಲೆ ಅವರ ಮುಖ ಅರಳಿದ್ದನ್ನು ನಾನು ಹತ್ತಿರದಿಂದ ನೋಡಿದೆ. ಅದು ತಾವೇ ತಂದ ಸೀರೆ ಎಂಬುದು ಅವರಿಗೆ ನೆನಪಿತ್ತೋ ಇಲ್ಲವೋ ಕಾಣೆ. "ಇದೇ ಕಣೇ. ಇದನ್ನ ಅವಳಿಗೆ ಟೋಪಿ ಮಾಡಿ ಹೊಲಿದುಕೊಡು. ಉಣ್ಣೆ ಬದ್ಲು ಇದನ್ನೇ ಕಟ್ಟಿ ಓಡಿಸ್ತೀನಿ" ಎಂದರು.

ಯಾರಿಗೆ? ಅವಳಿಗೆ. ಯಾರು? ನಾನು. ನನ್ನ ಸೀರೆ ಹರಿದು, ನನ್ನ ಕೈಯಿಂದಲೇ ಹೊಲಿದು, ಅವಳಿಗೆ ಉಡಿಸಬೇಕು!

ಆಗುವುದಿಲ್ಲ ಎನ್ನಬಹುದಿತ್ತು. ಆದರೆ ಗೋಡೆಗೆ ಮುಖ ತಿರುಗಿಸಿ ಮಲಗಿದ್ದ ಆ ಬೆನ್ನು ಕಣ್ಣಿಂದ ಹೋಗಿರಲಿಲ್ಲ. ಬೆಳಿಗ್ಗೆ ಎದ್ದವಳೇ ಊಟದ ತಟ್ಟೆ ಬೋರಲು ಹಾಕಿ, ಸೀಸದಕಡ್ಡಿಯಲ್ಲಿ ಸುತ್ತ ಗೆರೆ ಎಳೆದು, ಸೀರೆಯನ್ನು ದುಂಡಗೆ ಕತ್ತರಿಸಿದೆ. ಪದರದ ಮೇಲೆ ಪದರ ಇಟ್ಟೆ. ಅಂಚನ್ನು ಮಡಿಸಿ, ಲಂಗಕ್ಕೆ ಲಾಡಿ ಪೋಣಿಸುವಂತೆ ಪೋಣಿಸಿದೆ. ಲಂಗದ ಲಾಡಿ! ಸವತಿಯ ಸೊಂಟಕ್ಕೆ ಲಾಡಿ ಪೋಣಿಸಿದ ಹೆಂಗಸು ಈ ಮೈಸೂರಿನಲ್ಲಿ ನಾನೊಬ್ಬಳೇ ಇರಬೇಕು. ಕಣ್ಣಲ್ಲಿ ನೀರು ಬಂದು ಸೂಜಿಯ ಕಣ್ಣೇ ಕಾಣುತ್ತಿರಲಿಲ್ಲ.

ಕೊನೆಯ ದಾರ ಎಳೆದು ಗಂಟು ಹಾಕುವಾಗ ಕೈ ನಿಂತಿತು. ಗಂಟನ್ನು ಒಳಮಗ್ಗುಲಿಗೆ ಹಾಕಬೇಕು. ಹೊರಮಗ್ಗುಲಿಗೆ ಹಾಕಿದರೆ? ಸಾಸಿವೆಯಷ್ಟು ಗಂಟು ಸಾಕು. ಮೆಶಿನ್ನಿನ ವೇಗಕ್ಕೆ ಆ ಕಾರು ಮೂಲೆಯಿಂದ ಮೂಲೆಗೆ ಗೀರಿಹೋಗುತ್ತದೆ, ಇವಳು ಮತ್ತೆಂದೂ ಪೆಟ್ಟಿಗೆಯಿಂದ ಹೊರಗೆ ಬರುವುದಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಸೂಜಿ ಹಿಡಿದು ಎಷ್ಟು ಹೊತ್ತು ಕುಳಿತಿದ್ದೆನೋ. ಒಲೆಯ ಮೇಲೆ ಅನ್ನ ಸೀದು ವಾಸನೆ ಬಂತು.

ಗಂಟನ್ನು ಒಳಗೇ ಹಾಕಿದೆ. ಒಳ್ಳೆಯತನ ಎಂದುಕೊಳ್ಳಬೇಡಿ. ಗೀರು ಬಿದ್ದರೆ ಜನ ಏನೆನ್ನುತ್ತಾರೆ? ಉಣ್ಣೆಯಿದ್ದಾಗ ಚೆನ್ನಾಗಿತ್ತು, ಹೆಂಡತಿಯ ಸೀರೆ ಕಟ್ಟಿ ಕೆಟ್ಟಿತು ಎನ್ನುತ್ತಾರೆ. ನನ್ನ ಸೀರೆ ಇಷ್ಟು ವರ್ಷ ಒಂದು ಕಾರಿಗೂ ಒಂದು ಗೀರು ಮಾಡಿರಲಿಲ್ಲ. ಅವಳ ಮುಂದೆ ನನ್ನ ಸೀರೆ ಸೋಲಬಾರದು. ಹೊಲಿದದ್ದನ್ನು ನಾನೇ ಕೆನ್ನೆಗೆ ಉಜ್ಜಿ, ತುಟಿಗೆ ಉಜ್ಜಿ ನೋಡಿದೆ. ಎಲ್ಲಿಯೂ ಏನೂ ತಾಗಲಿಲ್ಲ.

ಅವರು ಅದನ್ನು ತೆಗೆದುಕೊಂಡು ಓಡಿದರು. ಮಧ್ಯಾಹ್ನ ಬುತ್ತಿಯ ನೆವ ಮಾಡಿಕೊಂಡು ನಾನೂ ಹೋದೆ. ಗ್ಯಾರೇಜಿನ ಬಾಗಿಲಿಗೇ ಗುಂಯ್ ಎನ್ನುವ ಸದ್ದು ಕೇಳಿಸಿತು. ಅವಳು ಬದನೆಕಾಯಿ ಬಣ್ಣದ ಸೀರೆಯುಟ್ಟು ಡಾಕ್ಟರ ಕಾರಿನ ಮೇಲೆ ಕುಣಿಯುತ್ತಿದ್ದಳು, ಯಜಮಾನರ ಎರಡೂ ಕೈ ಅವಳ ಮೇಲೆ. ಮಗುವನ್ನು ನಡೆಸುವವರ ಹಾಗೆ ಮೆಲ್ಲಗೆ, ಉದ್ದಕ್ಕೆ ಒಂದು ಸಾಲು, ಅಡ್ಡಕ್ಕೆ ಒಂದು ಸಾಲು ನಡೆಸುತ್ತಿದ್ದರು. ನಾನು ಬಂದದ್ದು ಅವರಿಗೆ ಕಾಣಲೇ ಇಲ್ಲ. ಬುತ್ತಿ ಹಿಡಿದು ನಿಂತೇ ಇದ್ದೆ.

ಕೆಲಸ ಮುಗಿದು ಕಾರನ್ನು ಬಿಸಿಲಿಗೆ ತಳ್ಳಿದರು. ಸಾಹುಕಾರರು ಬಂದರು, ಕೆಲಸದವರು ಬಂದರು. ಯಜಮಾನರು ಬಾಗಿ, ತಲೆ ಓರೆ ಮಾಡಿ, ಒಂದು ಕಣ್ಣು ಮುಚ್ಚಿ, ಬಾನೆಟ್ಟಿನ ಉದ್ದಕ್ಕೂ ನೋಟ ಹರಿಸಿದರು. ಬಾನೆಟ್ಟಿನ ಮೇಲೆ ಸೂರ್ಯ ಒಂಟಿಯಾಗಿ ಕುಳಿತಿದ್ದ, ಸುತ್ತ ಒಂದೇ ಒಂದು ಬಲೆಯ ಎಳೆ ಇರಲಿಲ್ಲ. ಅವನ ಪಕ್ಕದಲ್ಲಿ ಬುತ್ತಿ ಹಿಡಿದ ನನ್ನ ಮುಖವೂ ಕಾಣುತ್ತಿತ್ತು, ಮೂಗುಬೊಟ್ಟಿನ ಸಮೇತ.

"ಏನೇ ಅನ್ನಿ, ಮೆಶಿನ್ನು ಮೆಶಿನ್ನೇ" ಎಂದರು ಸಾಹುಕಾರರು.

ಯಜಮಾನರು ಆಗ ನನ್ನನ್ನು ಕಂಡರು. ಕಣ್ಣು ಒದ್ದೆಯಾಗಿತ್ತು. ಮೆಶಿನ್ನಿನ ಬೆನ್ನು ತಟ್ಟುತ್ತಾ, "ನೋಡ್ದೇನೇ? ನನ್ ಮಾನ ಉಳಿಸ್ಬುಟ್ಲು ಕಣೇ ಇವಳು" ಎಂದರು.

ಬುತ್ತಿಯನ್ನು ಕಾರಿನ ಪಕ್ಕದ ಸ್ಟೂಲಿನ ಮೇಲೆ ಕುಕ್ಕಿ, ಹಿಂತಿರುಗಿ ನೋಡದೆ ಮನೆಗೆ ಬಂದೆ. ದಾರಿಯುದ್ದಕ್ಕೂ ಬೈದುಕೊಂಡೆ. ಅವಳನ್ನು ಬೈದೆ, ಅವರನ್ನು ಬೈದೆ, ಗಂಟನ್ನು ಒಳಗೆ ಹಾಕಿದ ನನ್ನ ಕೈಯನ್ನು ಬೈದೆ.

ತಿಂಗಳ ಮೇಲೆ ಹೊಸ ಉಣ್ಣೆ ಬಂತು. ಆದರೆ ಕಪ್ಪು ಕಾರಿಗೆ ಕಡೆಯ ಹೊಳಪು ಕೊಡಲು ಉಣ್ಣೆಗಿಂತ ಸೀರೆಯೇ ಮೇಲು ಎಂದು ಅವರಿಗೆ ಅಷ್ಟರಲ್ಲಿ ಮನವರಿಕೆಯಾಗಿತ್ತು. ಉಳಿದ ಸೀರೆಯಲ್ಲಿ ನಾನು ಹೊಲಿದುಕೊಟ್ಟ ಬದನೆಕಾಯಿ ಬಣ್ಣದ ಟೋಪಿಗಳು ಒಂದೊಂದಾಗಿ ಸವೆದವು. ಮುಂದಿನ ದಸರೆ ಹತ್ತಿರ ಬಂದಾಗ ಅವರು ಒಂದು ಸಂಜೆ ಬೇಗ ಬಂದು, "ನಡಿಯೇ, ಸೀರೆ ತಕ್ಕೊಡ್ತೀನಿ" ಎಂದರು. ನಾನು ನಂಬಲಿಲ್ಲ. ವಠಾರದವರೆಲ್ಲ ಬಾಗಿಲಿಗೆ ಬಂದು ನೋಡಿದರು. ಅಜ್ಜಿ ಜಗಲಿಯಿಂದ, "ಗಂಡಂಗೆ ಬುದ್ಧಿ ಬಂತು ಕಣಮ್ಮಣ್ಣಿ" ಎಂದಳು.

ಅಂಗಡಿಯಲ್ಲಿ ಅವರು ಬಣ್ಣ ನೋಡಲಿಲ್ಲ, ಅಂಚು ನೋಡಲಿಲ್ಲ. ಒಂದೊಂದೇ ಸೀರೆಯ ಒಡಲನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ, ಕೆನ್ನೆಗೆ ಒತ್ತಿ, ಕೊನೆಗೊಂದನ್ನು ನನ್ನ ಕೈಗಿತ್ತರು. "ಇದನ್ನ ಎರಡು ವರ್ಷ ಉಟ್ಬುಟ್ರೆ ಬೋ ಮೆತ್ತಗಾಯ್ತದೆ ಕಣೇ" ಎಂದರು.

ಆಗ ಗೊತ್ತಾಯಿತು, ಅದು ಯಾರಿಗೆ ತಂದ ಸೀರೆ ಎಂದು. ನಾನು ಅದನ್ನು ಅವಳಿಗಾಗಿ ಉಟ್ಟು ಹದ ಮಾಡಿಕೊಡಬೇಕು.

ಹಾಗೆಯೇ ನಡೆಯಿತು, ವರ್ಷಕ್ಕೊಂದು. ನೂಲಿನದು, ಮೆತ್ತನೆಯದು, ಜರಿಯ ಸೋಂಕಿಲ್ಲದ್ದು. ವಠಾರದಲ್ಲಿ ನಾನು ಗಂಡನ ಮುದ್ದಿನ ಹೆಂಡತಿ ಎಂದು ಹೆಸರಾದೆ. ಬೇರೆ ಹೆಂಗಸರು ನನ್ನನ್ನು ನೋಡಿ ಹೊಟ್ಟೆ ಉರಿದುಕೊಳ್ಳುತ್ತಿದ್ದರು. ನನ್ನ ಹೊಟ್ಟೆಯ ಉರಿ ಯಾರಿಗೆ ಹೇಳಲಿ? ಮೊದಲು ಉಡುವವಳು ನಾನು ಎಂಬುದೊಂದೇ ಸಮಾಧಾನ.

ಒಂದು ದಸರೆಗೆ ಮಾತ್ರ ಸಹಿಸಲಿಲ್ಲ. ಅದೇ ಅಂಗಡಿ, ಅದೇ ಚಾಪೆ. ಅವರು ನೂಲಿನ ಸೀರೆಗಳನ್ನು ಉಜ್ಜುತ್ತಾ ಕುಳಿತಿದ್ದರು. ನಾನು ಅಂಗಡಿಯವರಿಗೆ ಮೇಲಿನ ಗೂಡು ತೋರಿಸಿ, "ಅದನ್ನ ತೆಗೀರಿ" ಎಂದೆ. ಕಾರಿನಷ್ಟೇ ಕಪ್ಪಾದ ರೇಷ್ಮೆ ಸೀರೆ. ಅಂಗೈ ಅಗಲದ ಜರಿಯಂಚು, ಸೆರಗಿನ ತುಂಬ ಜರಿ. ಮಡಿಲ ಮೇಲೆ ಹರಡಿಕೊಂಡೆ.

ಯಜಮಾನರು ಅದನ್ನು ನೋಡಿದರು. ಅಭ್ಯಾಸದಂತೆ ಬೆರಳು ಚಾಚಿ ಜರಿಯನ್ನು ಮುಟ್ಟಿ, ಮುಳ್ಳು ತಾಗಿದವರ ಹಾಗೆ ಹಿಂದಕ್ಕೆ ತೆಗೆದರು. "ಇದು ಮೆಶಿನ್ನಿಗೆ ಬರಾಕಿಲ್ವಲ್ಲೇ, ಬಣ್ಣನೆಲ್ಲ ಗೀರ್ಬುಡ್ತದೆ" ಎಂದರು.

"ಅದಕ್ಕೇ ಬೇಕು" ಎಂದೆ.

ಅಂಗಡಿಯವರು ಗಜಕಡ್ಡಿ ಕೆಳಗಿಟ್ಟರು. ನಮ್ಮ ಯಜಮಾನರು ತಲೆ ಓರೆ ಮಾಡಿದರು, ಒಂದು ಕಣ್ಣು ಸಣ್ಣದು ಮಾಡಿದರು, ಬಿಸಿಲಿಗೆ ತಂದು ನಿಲ್ಲಿಸಿದ ಕಾರನ್ನು ನೋಡುವ ಹಾಗೆ ನನ್ನ ಮುಖವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ನೋಡಿದರು. ಅಷ್ಟು ಹೊತ್ತು ಅವರು ನನ್ನನ್ನು ಎಂದೂ ನೋಡಿರಲಿಲ್ಲ. ಇಷ್ಟು ವರ್ಷದ ಗೀರುಗಳೆಲ್ಲ ಆವತ್ತು ಅವರಿಗೆ ಕಂಡವೆಂದು ಕಾಣುತ್ತದೆ.

"ಕಟ್ಟಿಕೊಡಿ" ಎಂದರು ಅಂಗಡಿಯವರಿಗೆ.